ಮನೋರೋಗಿಗಳ ಶುಶ್ರೂಷೆಯೂ ಅದಕ್ಕೆ ಬೇಕಾದ ಹಣವೂ

ಶರೀರಕ್ಕೆ ಜ್ವರ ಬಂದರೆ ನಾವು ನಾಚಿಕೆಪಡುವುದಿಲ್ಲ. ಕಾಲು ಮುರಿದರೆ ನೆರೆಹೊರೆಯವರೆಲ್ಲ ಬಂದು ವಿಚಾರಿಸಿ ಹೋಗುತ್ತಾರೆ. ಮನಸ್ಸಿಗೆ ವ್ಯಾಧಿ ತಗಲಿತೆಂದರೆ ಮಾತ್ರ ಮನೆಯ ಬಾಗಿಲು ಮುಚ್ಚಿಕೊಳ್ಳುತ್ತದೆ, ಮಾತು ಪಿಸುಮಾತಾಗುತ್ತದೆ. ಈ ಸಂಕೋಚವನ್ನು ಬಿಡಬೇಕೆಂದು ಈಚಿನ ವರ್ಷಗಳಲ್ಲಿ ಅನೇಕರು ಬರೆದಿದ್ದಾರೆ, ಭಾಷಣಗಳನ್ನೂ ಮಾಡಿದ್ದಾರೆ; ಅದು ಒಳ್ಳೆಯದೇ. ಆದರೆ ರೋಗಿಯು ಸಂಕೋಚವನ್ನು ತೊರೆದು ಹೊರಬಂದ ಮೇಲೆ ಅವನನ್ನು ಎದುರುಗೊಳ್ಳುವವರು ಯಾರು, ಅವರಿಗೆ ಸಂಬಳ ಕೊಡುವ ಹಣ ಎಲ್ಲಿಂದ ಬರುತ್ತದೆ ಎಂಬ ವಿಚಾರವನ್ನು ಮಾತ್ರ ನಾವು ಹೆಚ್ಚಾಗಿ ಕೇಳುವುದಿಲ್ಲ. ನಮ್ಮ ವಿದ್ಯಾರ್ಥಿಗಳಿಗೂ ಅವರ ತಾಯಿತಂದೆಗಳಿಗೂ ಈ ವಿಚಾರವನ್ನು ಸರಳವಾಗಿ ತಿಳಿಯಹೇಳುವುದೇ ಪ್ರಸ್ತುತ ಲೇಖನದ ಉದ್ದೇಶ.

ಮೊದಲು ರೋಗದ ವ್ಯಾಪ್ತಿಯನ್ನು ನೋಡೋಣ. ೨೦೧೫–೧೬ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಕೇಂದ್ರ ಸರಕಾರದ ಪರವಾಗಿ ನಮ್ಮ ಕೇರಳವೂ ಸೇರಿದಂತೆ ೧೨ ರಾಜ್ಯಗಳಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯನ್ನು ನಡೆಸಿತು. ಅದರಂತೆ ವಯಸ್ಕರಲ್ಲಿ ನೂರಕ್ಕೆ ೧೦.೬ ಮಂದಿ ಯಾವುದಾದರೊಂದು ಮಾನಸಿಕ ತೊಂದರೆಯನ್ನು ಆಗ ಅನುಭವಿಸುತ್ತಿದ್ದರು. ಸಾವಿರ ಮಂದಿ ವಯಸ್ಕರಿರುವ ಒಂದು ಊರನ್ನು ಕಲ್ಪಿಸಿಕೊಳ್ಳಿರಿ. ಆ ಊರಿನಲ್ಲಿ ಇಂಥವರು ನೂರಕ್ಕೂ ಹೆಚ್ಚು ಮಂದಿ! ಇವರೆಲ್ಲರೂ ಬೀದಿಯಲ್ಲಿ ಅಲೆಯುವವರೆಂದು ತಿಳಿಯಬಾರದು. ಖಿನ್ನತೆ, ಅತಿಯಾದ ಭೀತಿ, ಮದ್ಯದ ವ್ಯಸನ ಇವೆಲ್ಲ ಈ ಲೆಕ್ಕದಲ್ಲಿ ಸೇರಿವೆ. ಬುದ್ಧಿಯು ವಿಕಲಗೊಳ್ಳುವ ಉಗ್ರವಾದ ರೋಗಗಳು ಇದರಲ್ಲಿ ಅಲ್ಪ ಭಾಗ ಮಾತ್ರ. ಇನ್ನು ಚಿಕಿತ್ಸೆಯ ಮಾತು. ರೋಗದ ಬಗೆಯನ್ನು ಅನುಸರಿಸಿ ನೂರಕ್ಕೆ ೭೦ರಿಂದ ೯೨ ಮಂದಿಗೆ ಚಿಕಿತ್ಸೆಯೇ ದೊರೆಯುತ್ತಿರಲಿಲ್ಲವೆಂದು ಅದೇ ಸಮೀಕ್ಷೆಯು ತಿಳಿಸಿತು. ಔಷಧವಿಲ್ಲದ ರೋಗಗಳಾಗಿದ್ದರೆ ವಿಧಿಯನ್ನು ದೂರಬಹುದಾಗಿತ್ತು. ಇವುಗಳಲ್ಲಿ ಬಹುಪಾಲು ಚಿಕಿತ್ಸೆಯಿಂದ ಗುಣವಾಗುವ ಅಥವಾ ಹತೋಟಿಗೆ ಬರುವ ರೋಗಗಳು. ಔಷಧಗಳಲ್ಲಿ ಹಲವು ಹಳೆಯವು, ಅಗ್ಗವಾದವು. ಹಾಗಾದರೆ ಕೊರತೆ ಯಾವುದರದು?

ಇದನ್ನು ತಿಳಿಯಬೇಕಾದರೆ ಸ್ವಲ್ಪ ಹಿಂದಿನ ಚರಿತ್ರೆಯನ್ನು ನೋಡಬೇಕು. ಹತ್ತೊಂಬತ್ತನೆಯ ಶತಮಾನದಲ್ಲಿ ಬೆಂಗಳೂರು, ತಿರುವನಂತಪುರ, ಕೋಝಿಕ್ಕೋಡು, ತೃಶೂರು ಮೊದಲಾದ ಕಡೆಗಳಲ್ಲಿ ಮನೋರೋಗಿಗಳಿಗಾಗಿ ಆಲಯಗಳು ಸ್ಥಾಪನೆಯಾದವು. ಜನರು ಅವನ್ನು ಹುಚ್ಚಾಸ್ಪತ್ರೆಗಳೆಂದು ಕರೆದರು. ಅವುಗಳ ಎತ್ತರದ ಗೋಡೆಗಳನ್ನು ನೋಡಿದರೇ ಅವುಗಳ ಉದ್ದೇಶವು ಅರ್ಥವಾಗುತ್ತಿತ್ತು. ರೋಗಿಯನ್ನು ಗುಣಪಡಿಸುವುದಕ್ಕಿಂತ ಅವನನ್ನು ಸಮಾಜದಿಂದ ದೂರವಿಡುವುದೇ ಆ ಕಾಲದ ಮುಖ್ಯವಾದ ಕಾರ್ಯವಾಗಿತ್ತು. ಅಂಥಲ್ಲಿ ಕೆಲಸಕ್ಕೆ ಬೇಕಾದುದು ಕಾವಲುಗಾರರು, ಶುಶ್ರೂಷೆ ಬಲ್ಲವರಲ್ಲ. ಸ್ವಾತಂತ್ರ್ಯಕ್ಕೆ ಮುಂಚಿತವಾಗಿ, ೧೯೪೬ರಲ್ಲಿ, ಸರ್ ಜೋಸೆಫ್ ಭೋರ್ ಅವರ ಅಧ್ಯಕ್ಷತೆಯ ಸಮಿತಿಯು ದೇಶದ ಆರೋಗ್ಯವ್ಯವಸ್ಥೆಯನ್ನು ಕುರಿತು ತನ್ನ ವರದಿಯನ್ನು ಒಪ್ಪಿಸಿತು. ಭಾರತದಲ್ಲಿ ೪೦,೦೦೦ ಜನರಿಗೆ ಒಂದರಂತೆ ಮನೋರೋಗಿಗಳ ಹಾಸಿಗೆಯಿದ್ದರೆ ಇಂಗ್ಲೆಂಡಿನಲ್ಲಿ ಸುಮಾರು ೩೦೦ ಜನರಿಗೆ ಒಂದರಂತೆ ಇತ್ತೆಂದು ಆ ವರದಿಯು ತೋರಿಸಿಕೊಟ್ಟಿತು. ಹಾಸಿಗೆಗಳನ್ನು ಹೆಚ್ಚಿಸಿದ ಮಾತ್ರಕ್ಕೆ ಸಾಲದು, ಈ ವಿದ್ಯೆಯನ್ನು ಬಲ್ಲವರನ್ನು ತಯಾರಿಸಬೇಕೆಂಬುದನ್ನೂ ಸಮಿತಿಯು ಮನಗಂಡಿತ್ತು. ಅದರ ಸೂಚನೆಯಂತೆ ೧೯೫೪ರಲ್ಲಿ ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು ಜನ್ಮತಾಳಿತು. ಡಾಕ್ಟರ್ ಎಂ. ವಿ. ಗೋವಿಂದಸ್ವಾಮಿಯವರು ಅದರ ಮೊದಲ ನಿರ್ದೇಶಕರು. ಮನೋವೈದ್ಯರ ಶಿಕ್ಷಣದ ಜೊತೆಗೇ ಮನೋರೋಗ ಶುಶ್ರೂಷೆಯ ಶಿಕ್ಷಣವೂ ಅಲ್ಲಿ ಆರಂಭದ ವರ್ಷಗಳಲ್ಲೇ ಮೊದಲಾಯಿತೆಂಬುದು ಗಮನಿಸತಕ್ಕ ಸಂಗತಿ. ೧೯೭೪ರಲ್ಲಿ ಈ ಸಂಸ್ಥೆಯೂ ಪಕ್ಕದ ಮಾನಸಿಕ ಆಸ್ಪತ್ರೆಯೂ ಒಂದಾಗಿ ಈಗಿನ ನಿಮ್ಹಾನ್ಸ್ ಆಯಿತು.

ಸುಮಾರು ಅದೇ ಕಾಲದಲ್ಲಿ ಎರಡು ದೊಡ್ಡ ಬದಲಾವಣೆಗಳು ಉಂಟಾದವು. ಒಂದು, ೧೯೫೨ರಲ್ಲಿ ಕ್ಲೋರ್‌ಪ್ರೊಮಜೀನ್ ಎಂಬ ಔಷಧವು ಬುದ್ಧಿವಿಕಲತೆಯ ಚಿಕಿತ್ಸೆಗೆ ಬಳಕೆಗೆ ಬಂದಿತು. ವರ್ಷಗಟ್ಟಲೆ ಆಲಯದಲ್ಲಿಯೇ ಉಳಿಯಬೇಕಾಗಿದ್ದವರು ಔಷಧವನ್ನು ಸೇವಿಸುತ್ತ ಮನೆಯಲ್ಲಿ ಬಾಳುವುದು ಸಾಧ್ಯವಾಯಿತು. ಇನ್ನೊಂದು ನಮ್ಮ ದೇಶದ್ದೇ. ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾಕ್ಟರ್ ವಿದ್ಯಾಸಾಗರರು ೧೯೫೦ರ ದಶಕದಲ್ಲಿ ರೋಗಿಗಳ ಬಂಧುಗಳನ್ನೂ ಆಸ್ಪತ್ರೆಯ ಆವರಣದಲ್ಲಿ ಡೇರೆ ಹಾಕಿಸಿ ಇರಿಸಿಕೊಂಡರು. ಮನೆಯವರು ರೋಗಿಯ ಜೊತೆಗೇ ಇದ್ದು ಆರೈಕೆಯನ್ನು ಕಲಿತು ಅವನನ್ನು ಮನೆಗೆ ಕರೆದುಕೊಂಡು ಹೋದರು. ಇವೆರಡರಿಂದ ಚಿಕಿತ್ಸೆಯ ಸ್ಥಾನವು ಗೋಡೆಯ ಒಳಗಿನಿಂದ ಮನೆಯ ಜಗಲಿಗೆ ಬಂದಿತು. ಆದರೆ ಜಗಲಿಯವರೆಗೆ ಬರುವವರು ಯಾರು? ದೊಡ್ಡ ವೈದ್ಯರು ಪ್ರತಿ ಮನೆಗೂ ಬರಲಾರರು. ಅಲ್ಲಿಗೆ ಬರಬಲ್ಲವಳು ದಾದಿ, ಬರಬಲ್ಲವನು ಶುಶ್ರೂಷಕ. ಹೀಗೆ ಕಾವಲುಗಾರನ ಸ್ಥಾನದಲ್ಲಿ ಶುಶ್ರೂಷಕರು ಈ ಚಿಕಿತ್ಸೆಯ ಆಧಾರಸ್ತಂಭವಾದರು. ವಿಶ್ವ ಆರೋಗ್ಯ ಸಂಸ್ಥೆಯ ೨೦೨೦ರ ವರದಿಯಂತೆ ಜಗತ್ತಿನ ಮಾನಸಿಕ ಆರೋಗ್ಯ ಸೇವಕರಲ್ಲಿ ನೂರಕ್ಕೆ ೪೪ ಮಂದಿ ಶುಶ್ರೂಷಕರೇ ಆಗಿದ್ದರು.

ಮನೋರೋಗ ಶುಶ್ರೂಷೆಯೆಂದರೆ ಹೊತ್ತುಹೊತ್ತಿಗೆ ಮಾತ್ರೆ ಕೊಡುವುದಷ್ಟೇ ಎಂದು ಹಲವರು ಭಾವಿಸಿರಬಹುದು. ಮಾತ್ರೆ ಕೊಡುವುದು ಆ ಕೆಲಸದ ಚಿಕ್ಕ ಅಂಶ. ವೈದ್ಯರು ರೋಗಿಯನ್ನು ದಿನಕ್ಕೆ ಕೆಲವು ನಿಮಿಷ ಕಾಣುತ್ತಾರೆ. ಉಳಿದ ಹೊತ್ತೆಲ್ಲ ಅವನನ್ನು ಕಾಣುವವಳು ದಾದಿ. ರಾತ್ರಿ ಎಷ್ಟು ಗಂಟೆ ನಿದ್ರೆ ಮಾಡಿದನು, ಊಟ ಮಾಡಿದನೇ ಅಥವಾ ತಟ್ಟೆಯನ್ನು ಮುಂದಿಟ್ಟುಕೊಂಡು ಕುಳಿತನೇ, ನಿನ್ನೆ ಮಾತನಾಡದವನು ಇಂದು ಏಕೆ ಮಾತನಾಡಿದನು ಎಂಬುದನ್ನೆಲ್ಲ ಅವಳು ಗಮನಿಸಿ ಬರೆದಿಡುತ್ತಾಳೆ. ಜ್ವರವನ್ನು ಅಳೆಯಲು ಉಷ್ಣಮಾಪಕವಿದೆ. ಮನಸ್ಸನ್ನು ಅಳೆಯಲು ಅಂಥ ಉಪಕರಣವಿಲ್ಲ. ಗಮನವಿಟ್ಟು ನೋಡುವ ಕಣ್ಣು, ತಾಳ್ಮೆಯಿಂದ ಕೇಳುವ ಕಿವಿ ಇವೇ ಇಲ್ಲಿನ ಉಪಕರಣಗಳು. ಲಿಥಿಯಂ ಎಂಬ ಔಷಧವನ್ನು ಸೇವಿಸುವವನ ರಕ್ತವನ್ನು ಆಗಾಗ ಪರೀಕ್ಷಿಸಬೇಕು; ವಾಂತಿಭೇದಿಯಿಂದ ನೀರಿನಂಶ ಕಡಮೆಯಾದರೆ ರಕ್ತದಲ್ಲಿ ಔಷಧದ ಪ್ರಮಾಣವು ಏರಿ ಅಪಾಯವಾಗಬಹುದು. ಕೈಯ ನಡುಕವನ್ನು ಕಂಡು, ಇದು ಬರಿಯ ಆಯಾಸವಲ್ಲವೆಂದು ಮೊದಲು ಗುರುತಿಸಬೇಕಾದವಳು ದಾದಿಯೇ. ಉದ್ರಿಕ್ತನಾದವನನ್ನು ಬಲಪ್ರಯೋಗವಿಲ್ಲದೆ ಮಾತಿನಿಂದ ಶಾಂತಗೊಳಿಸುವುದು, ಬದುಕೇ ಬೇಡವೆನ್ನುವವರ ಬಳಿ ರಾತ್ರಿಯಿಡೀ ಎಚ್ಚರವಾಗಿ ಕುಳಿತಿರುವುದು, ಗುಣವಾಯಿತೆಂದು ಔಷಧವನ್ನು ತಾನಾಗಿ ನಿಲ್ಲಿಸಬಾರದೆಂದು ಮನೆಯವರಿಗೆ ಮನಗಾಣಿಸುವುದು ಇವೆಲ್ಲವೂ ಶಿಕ್ಷಣದಿಂದ ಬರುವ ವಿದ್ಯೆಗಳೇ ಹೊರತು ಕೇವಲ ಕರುಣೆಯಿಂದ ಬರುವುವಲ್ಲ.

ಇಲ್ಲಿಂದಲೇ ಹಣದ ಪ್ರಶ್ನೆಯು ಆರಂಭವಾಗುತ್ತದೆ. ಎಲುಬು ಮುರಿದವನಿಗೆ ಕ್ಷಕಿರಣ ಯಂತ್ರ ಬೇಕು, ಹೃದ್ರೋಗಕ್ಕೆ ಶಸ್ತ್ರಚಿಕಿತ್ಸೆಯ ಸಲಕರಣೆಗಳು ಬೇಕು. ಮನೋರೋಗಕ್ಕೆ ಬೇಕಾದ ಯಂತ್ರಗಳು ಅತ್ಯಲ್ಪ. ಇಲ್ಲಿ ಹಣದಿಂದ ಕೊಳ್ಳಬೇಕಾದ ವಸ್ತು ಒಂದೇ: ಶಿಕ್ಷಣ ಪಡೆದ ಮನುಷ್ಯನ ಹೊತ್ತು. ಈ ಸಂಗತಿಯನ್ನು ಮೇಲಿನ ತರಗತಿಯ ವಿದ್ಯಾರ್ಥಿಗಳು ಒಂದು ಸಣ್ಣ ಗಣಿತದಿಂದ ತಿಳಿಯಬಹುದು. ಒಂದು ವಾರ್ಡಿನಲ್ಲಿ ಹಗಲೂ ಇರುಳೂ ಒಬ್ಬಳೇ ದಾದಿ ಇರಬೇಕೆಂದು ಇಟ್ಟುಕೊಳ್ಳೋಣ. ದಿನಕ್ಕೆ ಎಂಟೆಂಟು ಗಂಟೆಗಳ ಮೂರು ಪಾಳಿಗಳು. ವಾರಕ್ಕೆ ೨೧ ಪಾಳಿಗಳು. ಒಬ್ಬಳು ವಾರಕ್ಕೆ ಆರು ಪಾಳಿ ಕೆಲಸ ಮಾಡಿದರೆ ೨೧ನ್ನು ೬ರಿಂದ ಭಾಗಿಸಿದಾಗ ಮೂರೂವರೆ ಬರುತ್ತದೆ. ಹಬ್ಬದ ರಜೆ, ಕಾಯಿಲೆಯ ರಜೆ, ಹೆರಿಗೆಯ ರಜೆ, ತರಬೇತಿಯ ದಿನಗಳನ್ನು ಸೇರಿಸಿದರೆ ನಾಲ್ಕರಿಂದ ಐದು ಮಂದಿ ಬೇಕಾಗುತ್ತಾರೆ. ಅಂದರೆ ಒಂದು ಕುರ್ಚಿ ಸದಾ ತುಂಬಿರಬೇಕಾದರೆ ನಾಲ್ಕೈದು ಮಂದಿಗೆ ಸಂಬಳವನ್ನು ಕೊಡಬೇಕು. ‘ಆಸ್ಪತ್ರೆಯಲ್ಲಿ ಹತ್ತು ಮಂದಿ ದಾದಿಯರಿದ್ದಾರಲ್ಲ, ರಾತ್ರಿ ಹೋದರೆ ಒಬ್ಬರೂ ಕಾಣಿಸುವುದಿಲ್ಲವೇಕೆ?’ ಎಂದು ಗೊಣಗುವವರು ಈ ಲೆಕ್ಕವನ್ನು ಮಾಡಿ ನೋಡಬೇಕು.

ಇನ್ನು ದೇಶದ ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆಯ ೨೦೧೭ರ ಅಂಕಿಗಳಂತೆ ಭಾರತದಲ್ಲಿ ಒಂದು ಲಕ್ಷ ಜನರಿಗೆ ಮನೋರೋಗ ಶುಶ್ರೂಷಕರ ಸಂಖ್ಯೆ ೦.೮೦; ಎಂದರೆ ಒಂದೂಕಾಲು ಲಕ್ಷ ಜನರಿಗೆ ಒಬ್ಬರು. ಮನೋವೈದ್ಯರು ಲಕ್ಷಕ್ಕೆ ೦.೨೯. ಸಂಸತ್ತಿನ ಸ್ಥಾಯೀ ಸಮಿತಿಯು ೨೦೨೩ರ ವರದಿಯಲ್ಲಿ ಮನೋವೈದ್ಯರ ಪ್ರಮಾಣವನ್ನು ಲಕ್ಷಕ್ಕೆ ೦.೭೫ ಎಂದು ಹೇಳಿ, ಅದು ಮೂರಾದರೂ ಇರಬೇಕೆಂದು ಸೂಚಿಸಿತು. ಶುಶ್ರೂಷಕರ ಪ್ರಮಾಣವನ್ನು ನಮ್ಮ ಕಾಸರಗೋಡು ಜಿಲ್ಲೆಗೆ ಅನ್ವಯಿಸೋಣ. ೨೦೧೧ರ ಜನಗಣತಿಯಂತೆ ಇಲ್ಲಿನ ಜನಸಂಖ್ಯೆ ೧೩,೦೭,೩೭೫. ದೇಶದ ಸರಾಸರಿಯಂತೆ ಇಷ್ಟು ಜನರ ಪಾಲಿಗೆ ಬರುವ ಮನೋರೋಗ ಶುಶ್ರೂಷಕರು ಹತ್ತು ಮಂದಿ. ಮೇಲೆ ಮಾಡಿದ ಪಾಳಿಯ ಲೆಕ್ಕವನ್ನು ಇದಕ್ಕೆ ಹಚ್ಚಿದರೆ ಯಾವುದೇ ಒಂದು ಗಳಿಗೆಯಲ್ಲಿ ಕೆಲಸದಲ್ಲಿರುವವರು ಕೇವಲ ಇಬ್ಬರು. ಮಂಜೇಶ್ವರದಿಂದ ತೃಕ್ಕರಿಪುರದವರೆಗಿನ ಹದಿಮೂರು ಲಕ್ಷ ಜನರಿಗೆ ಇಬ್ಬರು! ಇದು ಸರಾಸರಿಯ ಲೆಕ್ಕವೇ ಹೊರತು ನಮ್ಮ ಜಿಲ್ಲೆಯ ಗಣತಿಯಲ್ಲವೆಂಬುದನ್ನು ವಾಚಕರು ನೆನಪಿನಲ್ಲಿಡಬೇಕು. ಆದರೂ ಕೊರತೆಯ ಆಳವು ಇದರಿಂದ ಮನಸ್ಸಿಗೆ ಬಾರದಿರದು.

ಹಣದ ಲೆಕ್ಕವನ್ನು ಈಗ ನೋಡೋಣ. ಕೇಂದ್ರ ಸರಕಾರದ ೨೦೨೩–೨೪ರ ಮುಂಗಡಪತ್ರದಲ್ಲಿ ಆರೋಗ್ಯ ಸಚಿವಾಲಯಕ್ಕೆ ೮೯,೧೫೫ ಕೋಟಿ ರೂಪಾಯಿಗಳನ್ನು ಗೊತ್ತುಪಡಿಸಲಾಗಿತ್ತು. ಅದರಲ್ಲಿ ಮಾನಸಿಕ ಆರೋಗ್ಯಕ್ಕೆಂದು ಪ್ರತ್ಯೇಕವಾಗಿ ತೋರಿಸಿದ ಮೊತ್ತ ಸುಮಾರು ೯೧೯ ಕೋಟಿ. ನೂರು ರೂಪಾಯಿಯಲ್ಲಿ ಒಂದು ರೂಪಾಯಿ ಎನ್ನಬಹುದು. ಇದರಲ್ಲಿ ೭೨೧ ಕೋಟಿ ನಿಮ್ಹಾನ್ಸ್ ಸಂಸ್ಥೆಗೆ, ೬೪ ಕೋಟಿ ಅಸ್ಸಾಮಿನ ತೇಜಪುರದ ಸಂಸ್ಥೆಗೆ, ೧೩೪ ಕೋಟಿ ಟೆಲಿಮಾನಸ್ ಎಂಬ ದೂರವಾಣಿ ಸೇವೆಗೆ. ಒಟ್ಟು ಮೊತ್ತವನ್ನು ೧೪೦ ಕೋಟಿ ಜನರಿಗೆ ಹಂಚಿದರೆ ತಲಾ ಆರೂವರೆ ರೂಪಾಯಿ. ರಾಷ್ಟ್ರೀಯ ಆರೋಗ್ಯ ಅಭಿಯಾನದ ಮೂಲಕ ಜಿಲ್ಲೆಗಳಿಗೆ ಬರುವ ಹಣವೂ ರಾಜ್ಯ ಸರಕಾರಗಳು ತಮ್ಮ ಆಸ್ಪತ್ರೆಗಳಿಗೆ ಮಾಡುವ ವೆಚ್ಚವೂ ಇದರ ಹೊರಗಿವೆ. ಆದುದರಿಂದ ಇದೇ ಸಮಸ್ತ ವೆಚ್ಚವೆಂದು ಹೇಳಲಾಗದು. ದೊಡ್ಡ ಸಂಸ್ಥೆಗಳಿಗೆ ಕೊಟ್ಟ ಹಣವು ವ್ಯರ್ಥವೆಂದೂ ನಾವು ಹೇಳುವುದಿಲ್ಲ. ಕಲಿಸುವವರಿಲ್ಲದೆ ಕಲಿತವರು ಬಾರರು. ಆದರೆ ಹಣವು ಶಿಖರದಲ್ಲಿ ನಿಂತು ಬಯಲಿಗೆ ಇಳಿಯದಿರುವುದು ನಮ್ಮೊಬ್ಬರ ದೋಷವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ೨೦೨೦ರ ವರದಿಯಂತೆ ಜಗತ್ತಿನ ಸರಕಾರಗಳು ಆರೋಗ್ಯದ ವೆಚ್ಚದಲ್ಲಿ ಮಾನಸಿಕ ಆರೋಗ್ಯಕ್ಕೆ ವಿನಿಯೋಗಿಸುವುದು ನೂರಕ್ಕೆ ಸುಮಾರು ಎರಡು ಮಾತ್ರ. ಅದರಲ್ಲಿಯೂ ಮೂರರಲ್ಲಿ ಎರಡು ಪಾಲು ಮಾನಸಿಕ ಆಸ್ಪತ್ರೆಗಳಿಗೇ ಹೋಗುತ್ತಿತ್ತು.

ಬಯಲಿಗೆ ಇಳಿಸುವ ಪ್ರಯತ್ನವೇ ನಡೆದಿಲ್ಲವೆಂದಲ್ಲ. ೧೯೮೨ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮವು ಆರಂಭವಾಯಿತು. ಅದನ್ನು ಜಿಲ್ಲೆಯ ಮಟ್ಟದಲ್ಲಿ ನಡೆಸುವ ಬಗೆಯನ್ನು ಮೊದಲು ಪರೀಕ್ಷಿಸಿದ್ದು ನಮ್ಮಂತೆಯೇ ಗಡಿಯ ಜಿಲ್ಲೆಯಾದ ಬಳ್ಳಾರಿಯಲ್ಲಿ. ೧೯೮೫ರಿಂದ ೧೯೯೦ರವರೆಗೆ ನಿಮ್ಹಾನ್ಸ್ ಸಂಸ್ಥೆಯವರು ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿಯನ್ನು ಕೊಟ್ಟು, ಸಾಮಾನ್ಯವಾದ ಮನೋರೋಗಗಳಿಗೆ ಹಳ್ಳಿಯ ಹತ್ತಿರದಲ್ಲಿಯೇ ಚಿಕಿತ್ಸೆ ದೊರೆಯಬಲ್ಲುದೆಂದು ತೋರಿಸಿಕೊಟ್ಟರು. ಬಳ್ಳಾರಿಯ ಆ ಮಾದರಿಯೇ ೧೯೯೬ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವೆಂಬ ಹೆಸರಿನಲ್ಲಿ ನಾಲ್ಕು ಜಿಲ್ಲೆಗಳಲ್ಲಿ ಆರಂಭವಾಗಿ ಮುಂದೆ ೭೦೦ಕ್ಕೂ ಹೆಚ್ಚು ಜಿಲ್ಲೆಗಳಿಗೆ ವಿಸ್ತರಿಸಿತು. ಕನ್ನಡ ನಾಡಿನ ಬಿಸಿಲಿನ ಹಳ್ಳಿಗಳಲ್ಲಿ ನಡೆದ ಒಂದು ಪ್ರಯೋಗವು ದೇಶಕ್ಕೆಲ್ಲ ಮಾದರಿಯಾಯಿತೆಂಬುದು ನಮಗೆ ಅಭಿಮಾನದ ಸಂಗತಿ. ಈ ಕಾರ್ಯಕ್ರಮದ ತಂಡದಲ್ಲಿ ಮನೋವೈದ್ಯ, ಮನಶ್ಶಾಸ್ತ್ರಜ್ಞ, ಸಮಾಜ ಕಾರ್ಯಕರ್ತ ಇವರ ಜೊತೆಗೆ ಶುಶ್ರೂಷಕರೂ ಇರಬೇಕೆಂಬುದು ನಿಯಮ. ಹನ್ನೆರಡನೆಯ ಪಂಚವಾರ್ಷಿಕ ಯೋಜನೆಯ ಕಾಲದಿಂದ ಇದಕ್ಕೆ ಜಿಲ್ಲೆಯೊಂದಕ್ಕೆ ವರ್ಷಕ್ಕೆ ೮೩.೨ ಲಕ್ಷ ರೂಪಾಯಿಗಳವರೆಗೆ ನೆರವನ್ನು ಗೊತ್ತುಮಾಡಲಾಯಿತು. ನಮ್ಮ ಜಿಲ್ಲೆಯಷ್ಟು ಜನರಿರುವ ಕಡೆ ಇದು ತಲಾ ಆರು ರೂಪಾಯಿ ನಲವತ್ತು ಪೈಸೆಯಾಗುತ್ತದೆ; ಒಂದು ಲೋಟ ಚಹದ ಬೆಲೆಗೂ ಸಾಲದು.

ಹಣವು ಅಲ್ಪವೆಂಬುದು ಒಂದು ತೊಂದರೆಯಾದರೆ, ಬಂದ ಹಣವು ದಾದಿಯಾಗಿ ಮಾರ್ಪಡದಿರುವುದು ಇನ್ನೊಂದು ತೊಂದರೆ. ಕಟ್ಟಡವನ್ನು ಒಮ್ಮೆ ಕಟ್ಟಿದರೆ ಮುಗಿಯಿತು. ಅದಕ್ಕೆ ಉದ್ಘಾಟನೆಯುಂಟು, ಗೋಡೆಯ ಮೇಲೆ ಶಿಲಾಫಲಕವುಂಟು. ದಾದಿಯ ಸಂಬಳವನ್ನಾದರೋ ತಿಂಗಳು ತಿಂಗಳೂ ಕೊಡಬೇಕು, ಅದಕ್ಕೆ ಶಿಲಾಫಲಕವಿಲ್ಲ. ಯೋಜನೆಯ ಹಣವು ವರ್ಷದಿಂದ ವರ್ಷಕ್ಕೆ ಮಂಜೂರಾಗುವುದರಿಂದ ನೇಮಕವು ಹಲವೆಡೆ ಕರಾರಿನ ಮೇಲೆಯೇ ನಡೆಯುತ್ತದೆ. ಮನೋರೋಗ ಶುಶ್ರೂಷೆಯಲ್ಲಿ ವಿಶೇಷ ಶಿಕ್ಷಣ ಪಡೆದು ಬಂದವರಿಗೂ ಸಾಮಾನ್ಯ ದಾದಿಯ ಹುದ್ದೆಯೇ ದೊರೆತು, ಇಂದು ಮನೋರೋಗದ ವಾರ್ಡಿನಲ್ಲಿದ್ದವರು ನಾಳೆ ಬೇರೆ ವಾರ್ಡಿಗೆ ವರ್ಗವಾಗುವುದುಂಟು. ಇಂಗ್ಲೆಂಡಿನಲ್ಲಿ ಮನೋರೋಗ ಶುಶ್ರೂಷೆಯು ಮೊದಲ ವರ್ಷದಿಂದಲೇ ಪ್ರತ್ಯೇಕವಾದ ಶಾಖೆ. ಅದಕ್ಕೆ ಬೇರೆಯೇ ನೋಂದಣಿಯುಂಟು. ನಮ್ಮಲ್ಲಿ ಅದು ಸಾಮಾನ್ಯ ಶುಶ್ರೂಷೆಯ ಪಠ್ಯದ ಒಂದು ಭಾಗ. ಇವೆಲ್ಲದರ ಜೊತೆಗೆ ಪರದೇಶದ ಆಕರ್ಷಣೆ. ಕೇರಳದ ದಾದಿಯರು ಕೊಲ್ಲಿ ರಾಷ್ಟ್ರಗಳಲ್ಲಿಯೂ ಇಂಗ್ಲೆಂಡು ಜರ್ಮನಿಗಳಲ್ಲಿಯೂ ಹೆಸರು ಗಳಿಸಿದ್ದಾರೆ. ಹೆಚ್ಚಿನ ಸಂಬಳವನ್ನರಸಿ ಹೋದವರನ್ನು ದೂರುವುದು ನ್ಯಾಯವಲ್ಲ. ಮನೆಯ ಸಾಲವನ್ನು ತೀರಿಸಲು ಅವರು ಹೋಗಿದ್ದಾರೆ. ತಾಯ್ನಾಡಿನ ಕರಾರಿನ ಕೆಲಸಕ್ಕೂ ಪರನಾಡಿನ ಖಾಯಂ ಕೆಲಸಕ್ಕೂ ಇರುವ ಅಂತರವೇ ಅವರನ್ನು ಕಳುಹಿಸಿತು.

ಹಣವೂ ಇಲ್ಲದೆ ಶುಶ್ರೂಷಕರೂ ಇಲ್ಲದೆ ಹೋದರೆ ಏನಾಗುತ್ತದೆಂಬುದಕ್ಕೆ ತಮಿಳುನಾಡಿನ ರಾಮನಾಥಪುರ ಜಿಲ್ಲೆಯ ಎರವಾಡಿಯ ದುರಂತವೇ ಸಾಕ್ಷಿ. ಅಲ್ಲಿನ ದರ್ಗಾದ ಆಸುಪಾಸಿನಲ್ಲಿ ಮನೋರೋಗಿಗಳನ್ನು ಇಟ್ಟುಕೊಳ್ಳುವ ಖಾಸಗಿ ಆಲಯಗಳು ಹಲವಿದ್ದವು. ಔಷಧವೂ ಇಲ್ಲ, ದಾದಿಯರೂ ಇಲ್ಲ. ರೋಗಿಗಳು ಓಡಿಹೋಗದಂತೆ ಸರಪಳಿಗಳಿಂದ ಬಿಗಿದಿಡಲಾಗುತ್ತಿತ್ತು. ೨೦೦೧ನೆಯ ಇಸವಿ ಆಗಸ್ಟ್ ೬ರಂದು ಬೆಳಗಿನ ಜಾವದಲ್ಲಿ ಅಂಥದೊಂದು ಆಲಯದ ಗುಡಿಸಲಿಗೆ ಬೆಂಕಿ ಬಿದ್ದಿತು. ಸರಪಳಿಯನ್ನು ಬಿಚ್ಚಿಕೊಳ್ಳಲಾರದೆ ೨೮ ಮಂದಿ ಪ್ರಾಣವನ್ನು ಕಳೆದುಕೊಂಡರು. ಅವರನ್ನು ಅಲ್ಲಿ ಬಿಟ್ಟು ಹೋದ ಬಂಧುಗಳೆಲ್ಲರೂ ಕಟುಕರೆಂದು ಭಾವಿಸಬೇಕಾಗಿಲ್ಲ. ಹತ್ತಿರದಲ್ಲಿ ಬೇರೆ ಆಶ್ರಯವನ್ನು ಕಾಣದೆ, ಮನೆಯಲ್ಲಿ ನೋಡಿಕೊಳ್ಳುವ ಬಗೆಯನ್ನು ಹೇಳಿಕೊಡುವವರನ್ನೂ ಕಾಣದೆ ದೈವವನ್ನು ನಂಬಿ ಬಂದವರು ಅವರಲ್ಲಿ ಅನೇಕರು. ಹೊತ್ತುಹೊತ್ತಿಗೆ ನೋಡಿಕೊಳ್ಳುವ ಮನುಷ್ಯನಿಲ್ಲದಲ್ಲಿ ಸರಪಳಿಯೇ ದಾದಿಯ ಕೆಲಸವನ್ನು ಮಾಡುತ್ತದೆ. ಸರಪಳಿಗೆ ಸಂಬಳವಿಲ್ಲ.

ಈ ದುರಂತದ ತರುವಾಯ ಸರ್ವೋಚ್ಚ ನ್ಯಾಯಾಲಯವು ತಾನಾಗಿಯೇ ವಿಚಾರಣೆಯನ್ನು ಕೈಗೊಂಡಿತು. ಮುಂದೆ ೨೦೧೭ರಲ್ಲಿ ಸಂಸತ್ತು ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆಯನ್ನು ಅಂಗೀಕರಿಸಿತು. ಅದು ೨೦೧೮ರಲ್ಲಿ ಜಾರಿಗೆ ಬಂದಿತು. ರೋಗಿಯನ್ನು ಸರಪಳಿಯಿಂದ ಬಂಧಿಸುವುದನ್ನು ಅದು ನಿಷೇಧಿಸುತ್ತದೆ. ಸರಕಾರದ ವೆಚ್ಚದಿಂದ ನಡೆಯುವ ಮಾನಸಿಕ ಚಿಕಿತ್ಸೆಯನ್ನು ಪಡೆಯುವುದು ಪ್ರತಿಯೊಬ್ಬನ ಹಕ್ಕೆಂದು ಸಾರುತ್ತದೆ. ಶರೀರದ ರೋಗಗಳಿಗೆ ಇರುವಂತೆಯೇ ಮನಸ್ಸಿನ ರೋಗಗಳಿಗೂ ವಿಮೆಯ ಸೌಕರ್ಯವಿರಬೇಕೆಂದು ವಿಧಿಸುತ್ತದೆ. ಇದರ ೩೧ನೆಯ ಪ್ರಕರಣವು ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದುದು. ಜನಸಂಖ್ಯೆಗೆ ತಕ್ಕಂತೆ ಎಷ್ಟು ಮಂದಿ ಮಾನಸಿಕ ಆರೋಗ್ಯ ಸೇವಕರಿರಬೇಕೆಂದು ಅಂತರರಾಷ್ಟ್ರೀಯವಾಗಿ ಒಪ್ಪಿದ ಪ್ರಮಾಣವುಂಟೋ ಅದನ್ನು ಕಾಯಿದೆ ಜಾರಿಯಾದ ಹತ್ತು ವರ್ಷಗಳೊಳಗೆ ಮುಟ್ಟಲು ಸರಕಾರಗಳು ಪ್ರಯತ್ನಿಸಬೇಕೆಂದು ಅದು ಹೇಳುತ್ತದೆ. ಈ ಹತ್ತು ವರ್ಷಗಳ ಅವಧಿಯು ೨೦೨೮ಕ್ಕೆ ತುಂಬುತ್ತದೆ. ಸಾಮಾನ್ಯ ಶುಶ್ರೂಷೆಯ ಪದವಿ ಅಥವಾ ಡಿಪ್ಲೊಮಾ ಪಡೆದವರನ್ನೂ ಈ ಕಾಯಿದೆಯು ಮಾನಸಿಕ ಆರೋಗ್ಯ ಶುಶ್ರೂಷಕರ ವ್ಯಾಖ್ಯೆಯೊಳಗೆ ಸೇರಿಸಿಕೊಂಡಿದೆ. ಇದರಿಂದ ಕಾಗದದ ಮೇಲೆ ಸಂಖ್ಯೆಯನ್ನು ತುಂಬುವುದು ಸುಲಭವಾದೀತು. ಆದರೆ ವಿಶೇಷ ಶಿಕ್ಷಣವಿಲ್ಲದಿದ್ದರೆ ರೋಗಿಯ ಬಳಿಯ ಕೊರತೆಯು ತುಂಬದು.

ಗಡಿನಾಡಿನವರಾದ ನಮಗೆ ಇದರಲ್ಲಿ ಇನ್ನೂ ಒಂದು ವಿಶೇಷವಾದ ತೊಡಕುಂಟು, ಅದು ಭಾಷೆಯದು. ಹೊಟ್ಟೆನೋವಿನವನು ಹೊಟ್ಟೆಯನ್ನು ಮುಟ್ಟಿ ತೋರಿಸಬಹುದು. ಮನಸ್ಸಿನ ನೋವನ್ನು ಮಾತಿನಿಂದಲ್ಲದೆ ತೋರಿಸಲು ಬಾರದು. ‘ಜೀವ ಹಾರಿದ ಹಾಗೆ ಆಗುತ್ತದೆ’, ‘ಎದೆ ಬರಿದಾಗಿದೆ’, ‘ತಲೆಯೊಳಗೆ ಯಾರೋ ಗದರುತ್ತಾರೆ’ ಎಂಬ ಮಾತುಗಳನ್ನು ಕಲಿತ ಭಾಷೆಯಲ್ಲಿ ಹೇಳುವುದು ಕಷ್ಟ. ಅವು ತಾಯಿಯ ಭಾಷೆಯಲ್ಲಿಯೇ ಬರುತ್ತವೆ. ನಮ್ಮ ಜಿಲ್ಲೆಯಲ್ಲಿ ಕನ್ನಡ, ಮಲಯಾಳ, ತುಳು, ಕೊಂಕಣಿ, ಮರಾಠಿ, ಬ್ಯಾರಿ ಮೊದಲಾದ ಭಾಷೆಗಳನ್ನಾಡುವವರು ಒಟ್ಟಿಗೆ ಬಾಳುತ್ತಿದ್ದೇವೆ. ಉತ್ತರ ಭಾಗದ ವೃದ್ಧರಲ್ಲಿ ಹಲವರಿಗೆ ಮಲಯಾಳವು ಸಂತೆಯ ವ್ಯವಹಾರಕ್ಕೆ ಸಾಕಾಗುವಷ್ಟು ಬರುತ್ತದೆಯೇ ಹೊರತು ಮನಸ್ಸನ್ನು ಬಿಚ್ಚಿ ಹೇಳುವಷ್ಟು ಬರುವುದಿಲ್ಲ. ಆದುದರಿಂದಲೇ ನಮ್ಮವರು ಬಹುಕಾಲದಿಂದ ಮಂಗಳೂರಿನ ಆಸ್ಪತ್ರೆಗಳನ್ನು ಆಶ್ರಯಿಸಿದ್ದಾರೆ. ೨೦೨೦ರ ಮಾರ್ಚ್ ತಿಂಗಳಲ್ಲಿ ಕೊರೋನಾದ ಭೀತಿಯಿಂದ ತಲಪಾಡಿಯೇ ಮೊದಲಾದ ಗಡಿಯ ದಾರಿಗಳು ಮುಚ್ಚಿದಾಗ ಆ ಆಶ್ರಯವು ಎಷ್ಟು ದುರ್ಬಲವೆಂದು ಎಲ್ಲರಿಗೂ ಅರಿವಾಯಿತು. ಚಿಕಿತ್ಸೆಗೆ ಆಚೆಗೆ ಹೋಗಲಾರದೆ ಪ್ರಾಣಬಿಟ್ಟವರ ಸುದ್ದಿಯನ್ನು ನಾವೆಲ್ಲ ಓದಿದ್ದೇವೆ. ದಿನವೂ ತಪ್ಪದೆ ಔಷಧವನ್ನು ಸೇವಿಸಬೇಕಾದವರಿಗೆ ವೈದ್ಯಸಹಾಯವು ಹಾಸಿ ಮುಚ್ಚುವ ರಸ್ತೆಯ ಆಚೆಗಿರಬಾರದು. ಮನೆಯ ಹತ್ತಿರದಲ್ಲಿರಬೇಕು, ಮನೆಯ ಮಾತನ್ನೂ ಬಲ್ಲುದಾಗಿರಬೇಕು.

ಹತ್ತಿರದಲ್ಲಿರಿಸುವುದು ಸಾಧ್ಯವೇ? ಕೇರಳದಲ್ಲಿಯೇ ಇದಕ್ಕೆ ಉತ್ತಮವಾದ ಮಾದರಿಯುಂಟು. ಗುಣವಾಗದ ರೋಗಗಳಿಂದ ಹಾಸಿಗೆ ಹಿಡಿದವರ ಸಾಂತ್ವನ ಚಿಕಿತ್ಸೆಗಾಗಿ ರಾಜ್ಯ ಸರಕಾರವು ೨೦೦೮ರಲ್ಲಿ ಒಂದು ನೀತಿಯನ್ನು ಅಂಗೀಕರಿಸಿತು. ಅದರಂತೆ ಗ್ರಾಮ ಪಂಚಾಯತುಗಳು ತಮ್ಮ ಯೋಜನೆಯ ಹಣದಿಂದ ದಾದಿಯರನ್ನು ನೇಮಿಸಿಕೊಂಡವು. ಪಂಚಾಯತಿನ ವಾಹನದಲ್ಲಿ ದಾದಿಯು ಮನೆಯಿಂದ ಮನೆಗೆ ಹೋಗಿ ಹುಣ್ಣು ತೊಳೆದು, ನೋವಿಗೆ ಔಷಧ ಕೊಟ್ಟು, ಮನೆಯವರಿಗೆ ಧೈರ್ಯ ಹೇಳಿ ಬರುವುದನ್ನು ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ತಮ್ಮ ಊರಿನಲ್ಲಿ ಕಂಡೇ ಇರಬೇಕು. ಮನೋರೋಗಿಗೂ ಬೇಕಾದುದು ಇಂಥ ಸೇವೆಯೇ. ಖಿನ್ನತೆಯನ್ನು ಗುರುತಿಸಲು ‘ಆಶ್ವಾಸಂ’ ಎಂಬ ಚಿಕಿತ್ಸಾಲಯಗಳೂ, ಆಶಾ ಕಾರ್ಯಕರ್ತೆಯರ ಮೂಲಕ ರೋಗಿಗಳನ್ನು ಗುರುತಿಸುವ ‘ಸಂಪೂರ್ಣ ಮಾನಸಿಕಾರೋಗ್ಯಂ’ ಎಂಬ ಯೋಜನೆಯೂ ಕೇರಳದಲ್ಲಿ ಆರಂಭವಾಗಿವೆ. ಇವುಗಳ ಜೊತೆಗೆ ಪಂಚಾಯತುಗಳ ಒಂದು ಗುಂಪಿಗೆ ಒಬ್ಬಳಂತೆ ಮನೋರೋಗ ಶುಶ್ರೂಷೆಯನ್ನು ಕಲಿತ, ಆ ಊರಿನ ಭಾಷೆಯನ್ನು ಬಲ್ಲ ದಾದಿ ದೊರೆತರೆ ದೊಡ್ಡ ಕಟ್ಟಡವಿಲ್ಲದೆಯೂ ಬಹಳಷ್ಟು ಕೆಲಸವಾಗಬಲ್ಲುದು. ಹೆತ್ತವರು ಗ್ರಾಮಸಭೆಗಳಿಗೆ ಹೋದಾಗ ರಸ್ತೆ, ದೀಪ, ನೀರುಗಳ ಜೊತೆಗೆ ಇದನ್ನೂ ಕೇಳಲಿ. ಕೇಳದವರಿಗೆ ಮುಂಗಡಪತ್ರದಲ್ಲಿ ಸ್ಥಾನವಿಲ್ಲ.

ಹಣವು ಬಂದರೂ ಕನ್ನಡವನ್ನು ಬಲ್ಲ ಶುಶ್ರೂಷಕರು ಆಕಾಶದಿಂದ ಇಳಿದು ಬರುವುದಿಲ್ಲ. ಅವರು ನಮ್ಮಂಥ ಶಾಲೆಗಳ ಬೆಂಚುಗಳಿಂದಲೇ ಬರಬೇಕು. ಪ್ರಿಯ ವಿದ್ಯಾರ್ಥಿಗಳೇ, ಈ ದಾರಿಯನ್ನು ತಿಳಿದುಕೊಳ್ಳಿರಿ. ಹನ್ನೆರಡನೆಯ ತರಗತಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರಗಳನ್ನು ಓದಿದವರಿಗೆ ನಾಲ್ಕು ವರ್ಷಗಳ ಬಿ.ಎಸ್‌ಸಿ. ನರ್ಸಿಂಗ್ ಪದವಿಯುಂಟು. ಮೂರು ವರ್ಷಗಳ ಸಾಮಾನ್ಯ ಶುಶ್ರೂಷೆಯ ಡಿಪ್ಲೊಮಾ ಇನ್ನೊಂದು. ಎರಡರಲ್ಲಿಯೂ ಮಾನಸಿಕ ಆರೋಗ್ಯ ಶುಶ್ರೂಷೆಯು ಪಠ್ಯದ ಭಾಗವೇ. ಆಸ್ಪತ್ರೆಯಲ್ಲಿ ಅಭ್ಯಾಸವೂ ಉಂಟು. ಬಳಿಕ ಮನೋರೋಗ ಶುಶ್ರೂಷೆಯಲ್ಲಿ ಒಂದು ವರ್ಷದ ವಿಶೇಷ ಡಿಪ್ಲೊಮಾ, ಪದವೀಧರರಿಗೆ ಎರಡು ವರ್ಷಗಳ ಎಂ.ಎಸ್‌ಸಿ. ಇವೆ, ನಿಮ್ಹಾನ್ಸ್ ಸಂಸ್ಥೆಯು ಇವುಗಳಿಗೆ ಹೆಸರಾಗಿದೆ. ಪಾಠಗಳು ಇಂಗ್ಲಿಷಿನಲ್ಲಿ ನಡೆಯುವುದರಿಂದ ಕನ್ನಡ ಮಾಧ್ಯಮದವರು ಮೊದಲ ವರ್ಷದಲ್ಲಿ ತುಸು ಹೆಚ್ಚು ಶ್ರಮಪಡಬೇಕಾಗುತ್ತದೆ, ಅಂಜಿ ಹಿಂದೆಗೆಯಬೇಕಾಗಿಲ್ಲ. ಇಂಗ್ಲಿಷನ್ನು ಎರಡು ವರ್ಷಗಳಲ್ಲಿ ಕಲಿಯಬಹುದು. ಬದಿಯಡ್ಕದ ಅಜ್ಜಿಯು ತುಳು ಬೆರೆತ ಕನ್ನಡದಲ್ಲಿ ಹೇಳುವ ದುಃಖವನ್ನು ಅರ್ಥಮಾಡಿಕೊಳ್ಳಲು ಯಾವ ಕಾಲೇಜೂ ಕಲಿಸಲಾರದು. ಅದನ್ನು ನೀವು ಆಗಲೇ ಕಲಿತು ಬಂದಿದ್ದೀರಿ. ಕನ್ನಡ, ಮಲಯಾಳ ಎರಡನ್ನೂ ಬಲ್ಲ ನಿಮ್ಮ ನಾಲಗೆಯು ಈ ಉದ್ಯೋಗದಲ್ಲಿ ದೊಡ್ಡ ಬಂಡವಾಳ.

ಹೆತ್ತವರಿಗೂ ಒಂದೆರಡು ಮಾತುಗಳು. ‘ಹುಚ್ಚರ ನಡುವೆ ಕೆಲಸ ಮಾಡಿದರೆ ಮಗಳಿಗೆ 	ಮದುವೆಯಾದೀತೇ’ ಎಂಬ ಶಂಕೆಯನ್ನು ಬಿಡಿರಿ. ಮನೋರೋಗವು ಮುಟ್ಟಿದರೆ ಹರಡುವ ರೋಗವಲ್ಲ. ಇದು ಹೆಣ್ಣುಮಕ್ಕಳಿಗೆ ಮಾತ್ರ ಮೀಸಲಾದ ಕೆಲಸವೂ ಅಲ್ಲ. ಪುರುಷ ಶುಶ್ರೂಷಕರ ಅಗತ್ಯವೂ ಈ ಶಾಖೆಯಲ್ಲಿ ಬಹಳವುಂಟು. ಮನೆಯಲ್ಲಿಯೇ ಯಾರಿಗಾದರೂ ವಾರಗಟ್ಟಲೆ ನಿದ್ರೆಯಿಲ್ಲದಿದ್ದರೆ, ಊಟ ಸೇರದಿದ್ದರೆ, ಪ್ರಿಯವಾದ ಕೆಲಸಗಳಲ್ಲಿಯೂ ಮನಸ್ಸು ನಿಲ್ಲದಿದ್ದರೆ, ಬದುಕು ಬೇಡವೆಂಬ ಮಾತು ಬಾಯಿಂದ ಬಂದರೆ ಅದನ್ನು ಸೋಮಾರಿತನವೆಂದೋ ನಟನೆಯೆಂದೋ ತಳ್ಳಿಹಾಕದೆ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿರಿ. ೨೦೨೨ರ ಅಕ್ಟೋಬರ್ ೧೦ರಂದು ಆರಂಭವಾದ ಟೆಲಿಮಾನಸ್ ಸೇವೆಯ ದೂರವಾಣಿ ಸಂಖ್ಯೆ ೧೪೪೧೬. ಶುಲ್ಕವಿಲ್ಲದ ಈ ಸೇವೆಯು ಕನ್ನಡ, ಮಲಯಾಳ ಎರಡೂ ಭಾಷೆಗಳಲ್ಲಿ ದೊರೆಯುತ್ತದೆ. ಈ ಸಂಖ್ಯೆಯನ್ನು ಪ್ರತಿ ಮನೆಯ ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಡಬೇಕೆಂದು ವಿನಂತಿಸುತ್ತೇವೆ.

ಆಸ್ಪತ್ರೆಯೊಂದರ ಹಿರಿಮೆಯನ್ನು ಕಟ್ಟಡದ ಅಂತಸ್ತುಗಳಿಂದ ಅಳೆಯುವುದು ವಾಡಿಕೆಯಾಗಿದೆ. ಮನಸ್ಸಿನ ಚಿಕಿತ್ಸೆಯ ವಿಷಯದಲ್ಲಾದರೂ ಈ ಅಳತೆಗೋಲನ್ನು ಬದಲಾಯಿಸಬೇಕು. ರಾತ್ರಿ ಎರಡು ಗಂಟೆಗೆ ನಿದ್ರೆ ಬಾರದೆ ಎದ್ದು ಕುಳಿತ ರೋಗಿಯ ಪಕ್ಕದಲ್ಲಿ ಅವನ ಮಾತನ್ನು ಬಲ್ಲ ಒಬ್ಬರು ಕುಳಿತಿದ್ದಾರೆಯೇ ಎಂದು ಕೇಳಬೇಕು. ಮುಂಗಡಪತ್ರದ ಕೋಟಿಗಳೆಲ್ಲ ಕೊನೆಗೆ ಆ ಒಬ್ಬರಿಗಾಗಿಯೇ. ಆ ಸ್ಥಾನಕ್ಕೆ ನಮ್ಮ ಶಾಲೆಯ ಮಕ್ಕಳಲ್ಲಿ ಕೆಲವರಾದರೂ ಮುಂದಿನ ವರ್ಷಗಳಲ್ಲಿ ಹೋಗಿ ಸೇರಲಿ, ಹೋದವರು ಊರಿಗೆ ಮರಳಿ ಬರುವಂಥ ಹುದ್ದೆಗಳು ಇಲ್ಲಿ ಉಂಟಾಗಲಿ ಎಂದು ಹಾರೈಸಿ ವಿರಮಿಸುತ್ತೇವೆ.